ಸರ್ಕಾರಿ ಆಸ್ಪತ್ರೆ ದಾನಿಗಳನ್ನು ನೆಚ್ಚಿಕೊಳ್ಳಬಹುದೇ? ಪರ-ವಿರೋಧ

ಬೆಂಗಳೂರಿನ ಯಾವ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋದರೂ ಗೋಡೆ ಮೇಲೆ ಒಂದಷ್ಟು ಹೆಸರುಗಳು ಕಾಣುತ್ತವೆ. ಈ ಬ್ಲಾಕ್ ಇಂಥವರ ಕೊಡುಗೆ, ಈ ಗಾಲಿಕುರ್ಚಿ ತೀರಿಕೊಂಡ ಅಮ್ಮನ ನೆನಪಿಗೆ, ಈ ಕುಡಿಯುವ ನೀರಿನ ಯಂತ್ರ ಇಂಥ ಕ್ಲಬ್ಬಿನವರದು. ಕಟ್ಟಡ, ಊಟ, ಔಷಧಿ ಮಾತ್ರವಲ್ಲ, ಸಂಶೋಧನೆಗೂ ಈಗ ಹೊರಗಿನ ಹಣ ಬರುತ್ತಿದೆ. ಇದು ಇನ್ನೂ ಹೆಚ್ಚಬೇಕೋ, ಇದಕ್ಕೊಂದು ಮಿತಿ ಬೇಕೋ? ಎರಡು ವಾದಗಳು ಇಲ್ಲಿವೆ.

ಪರ: ಬೇಕು, ಇನ್ನೂ ಜಾಸ್ತಿ ಬೇಕು

ಚಿಕಿತ್ಸೆ ಉಚಿತ ಅಂದ ಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುತ್ತೇವೆ. ಬೀದರ್ ಕಡೆಯ ಒಂದು ಕೂಲಿ ಕುಟುಂಬ ರಕ್ತದ ಕ್ಯಾನ್ಸರ್ ಬಂದ ಮಗುವನ್ನು ಕರೆದುಕೊಂಡು ಬೆಂಗಳೂರಿಗೆ ಬಂತು ಅಂತಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದೆ. ಹಾಸಿಗೆ, ಕೀಮೋ ಎಲ್ಲ ಯೋಜನೆಯಲ್ಲಿ ಬರುತ್ತವೆ. ಆದರೆ ಒಂದು ಸುತ್ತಿನ ಕೀಮೋ ಮುಗಿದರೂ ಊರಿಗೆ ಹೋಗುವ ಹಾಗಿಲ್ಲ. ಆ ದಿನಗಳಲ್ಲಿ ಬಿಳಿ ರಕ್ತಕಣಗಳು ಪಾತಾಳಕ್ಕೆ ಇಳಿದಿರುತ್ತವೆ. ಸ್ವಲ್ಪ ಮೈ ಬಿಸಿಯಾದರೂ ತಕ್ಷಣ ಆಸ್ಪತ್ರೆಗೆ ಓಡಿ ಆಂಟಿಬಯೋಟಿಕ್ ಹಾಕಿಸಬೇಕು. ಬೀದರಿನಿಂದ ಓಡಿ ಬರೋಕಾಗುತ್ತಾ? ಹಾಗಾಗಿ ತಿಂಗಳುಗಟ್ಟಲೆ ಇಲ್ಲೇ ಇರಬೇಕು. ಅಪ್ಪನ ಕೂಲಿ ನಿಂತಿರುತ್ತದೆ. ಬಾಡಿಗೆ ರೂಮು, ಎರಡು ಹೊತ್ತಿನ ಊಟ, ಆಟೊ, ಎಲ್ಲಕ್ಕೂ ದುಡ್ಡು. ಊರಲ್ಲಿ ಅಜ್ಜಿ ಹತ್ತಿರ ಬಿಟ್ಟುಬಂದ ಇನ್ನೊಂದು ಮಗುವಿನ ಚಿಂತೆ ಬೇರೆ. ಒಂದು ದಿನ ಇವರು ಯಾರಿಗೂ ಹೇಳದೆ ರೈಲು ಹತ್ತಿಬಿಡುತ್ತಾರೆ. ವಾಸಿಯಾಗಬಹುದಾಗಿದ್ದ ಕಾಯಿಲೆ ಹೀಗೆ ಕೈತಪ್ಪುತ್ತದೆ.

ಇದು ಬರೀ ಕಲ್ಪನೆಯಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಹಿಂದೆ ಹೆಚ್ಚುಕಡಿಮೆ ಐದು ಮಕ್ಕಳಲ್ಲಿ ಒಂದು ಮಗು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುತ್ತಿತ್ತು. ಅಲ್ಲಿನ ವೈದ್ಯರು 2010ರ ಹೊತ್ತಿಗೆ ದಾನಿಗಳಿಂದ ಹಣ ಕೂಡಿಸಿ ಇಂಪ್ಯಾಕ್ಟ್ ಎಂಬ ವ್ಯವಸ್ಥೆ ಕಟ್ಟಿದರು. ಉಳಿಯಲು ಜಾಗ, ಊಟ, ರಕ್ತ, ಯೋಜನೆಗಳಲ್ಲಿ ಬಾರದ ಔಷಧಿಯ ಖರ್ಚು, ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಏರ್ಪಾಡು. ಗೊತ್ತಾದ ದಿನಕ್ಕೆ ಬರದಿದ್ದರೆ ಮನೆಯವರಿಗೆ ಫೋನ್ ಮಾಡಿ ವಿಚಾರಿಸುವವರೂ ಇದ್ದರು. ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಬಿಡುವವರು ನೂರಕ್ಕೆ ಐದಕ್ಕಿಂತ ಕೆಳಗೆ ಇಳಿದರು. ಹೊಸ ಔಷಧಿ ಕಂಡುಹಿಡಿದದ್ದರಿಂದ ಆದದ್ದಲ್ಲ ಇದು. 2006ರಲ್ಲಿ ಮುಂಬೈನಲ್ಲೇ ಶುರುವಾದ ಸೇಂಟ್ ಜೂಡ್ ಇಂಡಿಯಾ ಸಂಸ್ಥೆಯೂ ಇದೇ ಕೆಲಸ ಮಾಡುತ್ತದೆ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಮಗು ಮತ್ತು ಅಪ್ಪ-ಅಮ್ಮನಿಗೆ ಪುಕ್ಕಟೆ ಜಾಗ, ಅವರ ಅಡುಗೆ ಅವರೇ ಮಾಡಿಕೊಳ್ಳಲು ಒಲೆ. ನಮ್ಮ ರೊಟ್ಟಿ ನಾವೇ ಸುಟ್ಟುಕೊಂಡು ತಿನ್ನುವುದು ಸಣ್ಣ ಸಮಾಧಾನ ಅಲ್ಲ.

ಇದನ್ನೆಲ್ಲ ಸರ್ಕಾರವೇ ಮಾಡಲಿ ಅನ್ನುತ್ತಾರೆ. ಮಾಡಲಿ, ಬೇಡ ಅಂದವರು ಯಾರು? ಆದರೆ ಸರ್ಕಾರದ ಹಣ ಹೊರಡಬೇಕಾದರೆ ಅದಕ್ಕೊಂದು ಲೆಕ್ಕಶೀರ್ಷಿಕೆ ಬೇಕು, ಫೈಲು ಬೇಕು, ಸಹಿ ಬೇಕು. ಇವತ್ತು ಮಧ್ಯಾಹ್ನ ಒಬ್ಬ ತಾಯಿಗೆ ಊರಿನ ಬಸ್ ಚಾರ್ಜ್ ಕೊಡಬೇಕು ಅಂದರೆ ಯಾವ ಶೀರ್ಷಿಕೆಯಲ್ಲಿ ಕೊಡುತ್ತೀರಿ? ಬಡರೋಗಿಗಳ ನಿಧಿ ಇದ್ದರೆ ವಾರ್ಡಿನ ಸಮಾಜ ಕಾರ್ಯಕರ್ತೆ ಒಂದು ಚೀಟಿ ಬರೆದು ಕೊಡಿಸುತ್ತಾರೆ. ಮಂಗಳವಾರದ ಕೀಮೋ ಬಜೆಟ್ ಅಧಿವೇಶನಕ್ಕೆ ಕಾಯುವುದಿಲ್ಲ.

ಸಂಶೋಧನೆಯ ವಿಷಯಕ್ಕೆ ಬರೋಣ. ಅಮೆರಿಕದ ಮೆಂಫಿಸ್‌ನಲ್ಲಿ 1962ರಲ್ಲಿ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆ ಶುರುವಾಯಿತು. ಹಣ ಕೂಡಿಸಿದವರು ಡ್ಯಾನಿ ಥಾಮಸ್ ಎಂಬ ಹಾಸ್ಯನಟ ಮತ್ತು ಅವರ ಜೊತೆಗೆ ನಿಂತ ಸಾಮಾನ್ಯ ಜನ. ಆಗ ಮಕ್ಕಳಿಗೆ ಬರುವ ಲಿಂಫೋಬ್ಲಾಸ್ಟಿಕ್ ರಕ್ತ ಕ್ಯಾನ್ಸರಿನಲ್ಲಿ ಬದುಕುಳಿಯುತ್ತಿದ್ದದ್ದು ನೂರಕ್ಕೆ ನಾಲ್ಕು ಮಕ್ಕಳು. ಈಗ ಆ ಆಸ್ಪತ್ರೆಯಲ್ಲಿ ತೊಂಬತ್ತಕ್ಕೂ ಜಾಸ್ತಿ. ಒಂದೇ ಔಷಧಿ ಕೊಟ್ಟು ಕೈಚೆಲ್ಲುವ ಬದಲು ಹಲವು ಔಷಧಿ ಸೇರಿಸಿ ವರ್ಷಗಟ್ಟಲೆ ಕೊಡುವ ಪದ್ಧತಿಯನ್ನು ಡಾ. ಡೊನಾಲ್ಡ್ ಪಿಂಕೆಲ್ ಅಲ್ಲಿ ಪಟ್ಟುಹಿಡಿದು ಬೆಳೆಸಿದರು. ಇದು ಗೆಲ್ಲುತ್ತದೆ ಅಂತ ಆಗ ಹೆಚ್ಚಿನವರು ನಂಬಿರಲಿಲ್ಲ. ಖಚಿತವಿಲ್ಲದ ಕೆಲಸಕ್ಕೆ ಮೊದಲ ಹಣ ಹಾಕುವ ಧೈರ್ಯ ಜನರ ದುಡ್ಡಿಗೆ ಇರುತ್ತದೆ, ಸರ್ಕಾರಿ ಸಮಿತಿಗೆ ಅಷ್ಟಾಗಿ ಇರುವುದಿಲ್ಲ.

ನಮ್ಮಲ್ಲೂ ನೋಡಿ. ಮರೆವಿನ ರೋಗದ ಬಗ್ಗೆ ದೊಡ್ಡ ಅಧ್ಯಯನಗಳೆಲ್ಲ ಬಹುಪಾಲು ಪಶ್ಚಿಮದ ನಗರಗಳಲ್ಲಿ ನಡೆದವು. ಅಕ್ಷರ ಬಾರದ ರೈತನ ಮೆದುಳು ವಯಸ್ಸಾದಂತೆ ಏನಾಗುತ್ತದೆ? ಇದನ್ನು ತಿಳಿಯಲು ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರಕ್ಕೆ ಹೋಗಿದೆ. 45 ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಾನುವರ್ಷ ಗಮನಿಸುವ ಯೋಜನೆ ಅದು. ಆ ಕೇಂದ್ರಕ್ಕೆ ಬುನಾದಿ ಇನ್ಫೊಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿ. ಫಲ ಕಾಣಲು ಇಪ್ಪತ್ತು ವರ್ಷ ಬೇಕಾಗುವ ಕೆಲಸಕ್ಕೆ ಐದು ವರ್ಷದ ಸರ್ಕಾರ ಎಷ್ಟು ಉತ್ಸಾಹ ತೋರಿಸುತ್ತದೆ, ನೀವೇ ಹೇಳಿ. ಮಾನಸಿಕ ಕಾಯಿಲೆಗೆ ಯಾರೂ ಕೊಡುವುದಿಲ್ಲ ಅನ್ನುವ ಮಾತೂ ಈಗ ಪೂರ್ತಿ ನಿಜವಲ್ಲ. 2023ರಲ್ಲಿ ರೋಹಿಣಿ ನಿಲೇಕಣಿ ಅವರು ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಜಂಟಿ ಕೇಂದ್ರಕ್ಕೆ 100 ಕೋಟಿ ಕೊಟ್ಟರು. ಜಯದೇವ ಹೃದ್ರೋಗ ಸಂಸ್ಥೆಗೆ ಇನ್ಫೊಸಿಸ್ ಫೌಂಡೇಶನ್ 350 ಹಾಸಿಗೆಗಳ ಕಟ್ಟಡ ಕಟ್ಟಿಸಿಕೊಟ್ಟಿದ್ದು ಗೊತ್ತೇ ಇದೆ.

ಕೋಟಿ ಇದ್ದವರಷ್ಟೇ ದಾನಿಗಳಲ್ಲ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ತೀರಿಕೊಂಡವರ ಮನೆಯವರು ದುಃಖದ ನಡುವೆಯೇ ಒಪ್ಪಿ ಕೊಟ್ಟ ಮೆದುಳುಗಳ ಮೇಲೆ ಅಲ್ಲಿ ಸಂಶೋಧನೆ ನಡೆಯುತ್ತದೆ. ಇದನ್ನು ಯಾವ ಬಜೆಟ್ಟಿನಲ್ಲಿ ಮಂಜೂರು ಮಾಡಿಸುತ್ತೀರಿ?

ವಿರೋಧ: ಕೊಡಿ, ಆದರೆ ಆಸ್ಪತ್ರೆ ಅದನ್ನೇ ನಂಬಿ ಕೂರಬಾರದು

ಟಾಟಾ ಮೆಮೋರಿಯಲ್ ಕಥೆಯನ್ನು ಮೇಲಿನವರು ಅರ್ಧಕ್ಕೇ ನಿಲ್ಲಿಸಿದ್ದಾರೆ. ಪೂರ್ತಿ ಹೇಳಬೇಕು. ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಆ ನೋವಿನಿಂದ ಹುಟ್ಟಿದ ಯೋಚನೆ, ಟ್ರಸ್ಟಿನ ಹಣದಿಂದ 1941ರಲ್ಲಿ ಆಸ್ಪತ್ರೆಯಾಯಿತು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. 1957ರಲ್ಲಿ ಅದನ್ನು ಕೇಂದ್ರ ಆರೋಗ್ಯ ಇಲಾಖೆ ವಹಿಸಿಕೊಂಡಿತು. 1962ರಲ್ಲಿ ಅಣುಶಕ್ತಿ ಇಲಾಖೆಗೆ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಅದನ್ನು ನಡೆಸುತ್ತಿರುವುದು ಸರ್ಕಾರದ ಹಣ. ಟಾಟಾ ಅಂಥ ಮನೆತನ ಶುರು ಮಾಡಿದ ಆಸ್ಪತ್ರೆಯನ್ನೂ ಕೊನೆಗೆ ಹೊತ್ತದ್ದು ಸರ್ಕಾರವೇ ಅಂದಮೇಲೆ, ತಾಲ್ಲೂಕು ಆಸ್ಪತ್ರೆಯನ್ನು ಯಾವ ಕ್ಲಬ್ಬು ಹೊರುತ್ತದೆ?

ತಾಲ್ಲೂಕು ಆಸ್ಪತ್ರೆಗೆ ದಾನಿಗಳಿಂದ ಒಂದು ಡಯಾಲಿಸಿಸ್ ಯಂತ್ರ ಬಂತು ಅಂದುಕೊಳ್ಳಿ. ಫೋಟೊ ಆಯಿತು, ಪೇಪರಿನಲ್ಲಿ ಬಂತು. ಒಬ್ಬ ರೋಗಿಗೆ ಒಂದು ಸಲದ ಡಯಾಲಿಸಿಸ್ ಅಂದರೆ ನಾಲ್ಕು ಗಂಟೆ. ಅಷ್ಟರಲ್ಲಿ ಸುಮಾರು 120 ಲೀಟರ್ ಶುದ್ಧ ನೀರು ಹರಿಯಬೇಕು. ಬೋರ್‌ವೆಲ್ ನೀರು ಸುಮ್ನೆ ಬಿಡುವ ಹಾಗಿಲ್ಲ, ಆರ್‌ಒ ಘಟಕ ಬೇಕು, ಅದರ ಪೊರೆಗಳನ್ನು ಕಾಲಕಾಲಕ್ಕೆ ಬದಲಿಸಬೇಕು. ರಕ್ತ ಸೋಸುವ ಡಯಲೈಸರ್ ಬೇಕು, ರಕ್ತ ಹೋಗಿಬರುವ ಟ್ಯೂಬುಗಳು ಬೇಕು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೇಕು. ಮಧ್ಯದಲ್ಲಿ ಕರೆಂಟ್ ಹೋಗಿ ಜನರೇಟರೂ ಕೈಕೊಟ್ಟರೆ ಟ್ಯೂಬಿನಲ್ಲಿರುವ ರಕ್ತವನ್ನು ಪಂಪು ಕೈಯಲ್ಲಿ ತಿರುಗಿಸಿ ವಾಪಸ್ ಮೈಗೆ ಕಳಿಸಬೇಕು. ಅದು ಗೊತ್ತಿರುವ ಟೆಕ್ನಿಷಿಯನ್ ಪಕ್ಕದಲ್ಲೇ ಇರಬೇಕು. ರೋಗಿ ವಾರಕ್ಕೆ ಎರಡು ಮೂರು ಸಲ ಬರುತ್ತಾನೆ, ಕಿಡ್ನಿ ಕಸಿ ಆಗದಿದ್ದರೆ ಬದುಕಿರುವಷ್ಟು ಕಾಲ ಬರುತ್ತಾನೆ. ದಾನಿ ಒಂದು ಸಲ ಬರುತ್ತಾರೆ. ಟೆಕ್ನಿಷಿಯನ್ ಸಂಬಳಕ್ಕೆ ಯಾರೂ ಫಲಕ ಹಾಕಿಸುವುದಿಲ್ಲ. ಗ್ಯಾರಂಟಿ ಮುಗಿದ ಮೇಲೆ ಯಂತ್ರ ಕೆಟ್ಟರೆ ಆಸ್ಪತ್ರೆಯವರು ಕಂಪನಿಗೆ ಪತ್ರ ಬರೆಯುತ್ತಾರೆ, ಕಂಪನಿಯವರು ವಾರ್ಷಿಕ ನಿರ್ವಹಣೆ ಒಪ್ಪಂದ ಎಲ್ಲಿ ಅನ್ನುತ್ತಾರೆ. ಯಂತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ತಳ್ಳುತ್ತಾರೆ.

ದಾನ ಮನಸ್ಸು ಕರಗಿದ ಕಡೆ ಹರಿಯುತ್ತದೆ. ತಲೆಕೂದಲು ಉದುರಿದ ಮಗುವಿನ ಫೋಟೊಗೆ ಎಲ್ಲರ ಕಣ್ಣೂ ಒದ್ದೆಯಾಗುತ್ತದೆ, ಆಗಲೇಬೇಕು. ಆದರೆ ಮೂರನೇ ಸಲ ಟಿಬಿ ಮರುಕಳಿಸಿದ ಕಲ್ಲು ಕ್ವಾರಿ ಕೂಲಿಯವನ ಫೋಟೊಗೆ? ಕುಡಿದು ಲಿವರ್ ಹಾಳು ಮಾಡಿಕೊಂಡವನಿಗೆ? ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿ ಕಿಡ್ನಿ ನಿಂತವಳಿಗೆ? ಇವರೂ ಅದೇ ಆಸ್ಪತ್ರೆಯ ರೋಗಿಗಳೇ.

ಇದರ ತುತ್ತತುದಿ ನೋಡಬೇಕು ಅಂದರೆ ಎಸ್‌ಎಂಎ ಎಂಬ ಅಪರೂಪದ ಸ್ನಾಯು ಕಾಯಿಲೆ ನೋಡಿ. ಇದಕ್ಕೆ ಝೋಲ್ಗೆನ್ಸ್ಮಾ ಎಂಬ ಒಂದು ಡೋಸ್ ಔಷಧಿಯ ಬೆಲೆ ಸುಮಾರು 16 ಕೋಟಿ. ಮಗು ಚಿಕ್ಕದಿರುವಾಗಲೇ ಕೊಡಬೇಕು. 2021ರಲ್ಲಿ ಮುಂಬೈನ ಒಂದು ಮಗುವಿಗೆ ದೇಶವಿಡೀ ಹಣ ಕೂಡಿಸಿತು. ಕೇಂದ್ರ ಸರ್ಕಾರ ಸುಮಾರು 6 ಕೋಟಿಯ ಆಮದು ತೆರಿಗೆ ಮನ್ನಾ ಮಾಡಿತು. ಒಳ್ಳೆಯದೇ ಆಯಿತು. ಆದರೆ ಇಂಥ ಅಭಿಯಾನ ನಡೆಸಲು ಅಪ್ಪ-ಅಮ್ಮನಿಗೆ ಇಂಗ್ಲಿಷ್ ಬರಬೇಕು, ವಿಡಿಯೊ ಮಾಡಲು ಗೊತ್ತಿರಬೇಕು, ಪರಿಚಯದವರು ಇರಬೇಕು. ಯಾದಗಿರಿಯ ಹಳ್ಳಿಯಲ್ಲಿ ಕತ್ತು ನಿಲ್ಲದ ಮಗುವನ್ನು ಎತ್ತಿಕೊಂಡು ದೇವಸ್ಥಾನ ಸುತ್ತುವ ತಾಯಿಗೆ ಆ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಬಂತು. ಈಗ ಒಬ್ಬ ರೋಗಿಗೆ 50 ಲಕ್ಷದವರೆಗೆ ನೆರವು ಸಿಗುತ್ತದೆ. 16 ಕೋಟಿಯ ಮುಂದೆ ಅದು ಎಲ್ಲಿ ಸಾಲುತ್ತದೆ? ಉಳಿದದ್ದಕ್ಕೆ ಅಂತ ಸರ್ಕಾರವೇ ಒಂದು ವಂತಿಗೆ ಪೋರ್ಟಲ್ ತೆರೆಯಿತು. ಬೆಲೆ ಇಳಿಸುವಂತೆ ಕಂಪನಿಯನ್ನು ಜಗ್ಗಬೇಕಾದ ಸರ್ಕಾರ ಜೋಳಿಗೆ ಹಿಡಿದು ನಮ್ಮ ಪಕ್ಕದಲ್ಲೇ ನಿಂತ ಹಾಗಾಯಿತು, ಅಲ್ವಾ?

ಸರ್ಕಾರಿ ಸಮಿತಿಗೆ ಧೈರ್ಯವಿಲ್ಲ ಅನ್ನುವ ಮಾತಿಗೂ ಉತ್ತರ ಟಾಟಾದಲ್ಲೇ ಇದೆ. ಡಾ. ರಾಜೇಂದ್ರ ಬಡ್ವೆ ಅವರ ತಂಡ ಒಂದು ಸರಳ ಪ್ರಶ್ನೆ ಕೇಳಿತು. ಸ್ತನ ಕ್ಯಾನ್ಸರಿನ ಗಡ್ಡೆ ತೆಗೆಯುವ ಕೆಲವು ನಿಮಿಷ ಮುಂಚೆ ಅದರ ಸುತ್ತ ಲಿಡೊಕೇನ್ ಚುಚ್ಚಿದರೆ ಏನಾಗುತ್ತದೆ? ಹಲ್ಲು ಕೀಳುವಾಗ ಮರಗಟ್ಟಿಸಲು ಕೊಡುತ್ತಾರಲ್ಲ, ಅದೇ ಔಷಧಿ. ನೂರು ರೂಪಾಯಿಯೂ ಆಗುವುದಿಲ್ಲ. 11 ಆಸ್ಪತ್ರೆಗಳಲ್ಲಿ 1,583 ಮಹಿಳೆಯರ ಮೇಲೆ ಪರೀಕ್ಷೆ ನಡೆಯಿತು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷದ ನಂತರ ಬದುಕಿದ್ದವರು ಲಿಡೊಕೇನ್ ಗುಂಪಿನಲ್ಲಿ ನೂರಕ್ಕೆ 90, ಅದನ್ನು ಚುಚ್ಚದ ಗುಂಪಿನಲ್ಲಿ 86. ಇದರಿಂದ ಯಾವ ಕಂಪನಿಗೂ ಲಾಭವಿಲ್ಲ, ಯಾವ ದಾನಿಗೂ ಕಟ್ಟಡವಿಲ್ಲ. ಹಣ ಹಾಕಿದ್ದು ಅಣುಶಕ್ತಿ ಇಲಾಖೆ. ಹತ್ತು ವರ್ಷಕ್ಕೂ ಮೇಲೆ ಕಾದದ್ದೂ ಅದೇ.

ಇನ್ನು ದುಡ್ಡಿನ ಲೆಕ್ಕ. ಕಂಪನಿಗಳ ಸಿಎಸ್‌ಆರ್ ಅಂದರೆ ಸಾಮಾಜಿಕ ಹೊಣೆಯ ಖರ್ಚು, ಅದು ಮನಸ್ಸು ಬಂದರೆ ಕೊಡುವ ದಾನ ಅಲ್ಲ. ದೊಡ್ಡ ಕಂಪನಿಗಳು ಲಾಭದ ಶೇ 2 ಖರ್ಚು ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯೇ ಹೇಳುತ್ತದೆ. ವ್ಯಕ್ತಿಗಳು ಹಳೇ ತೆರಿಗೆ ಪದ್ಧತಿಯಲ್ಲಿ ದಾನಕ್ಕೆ ತೆರಿಗೆ ವಿನಾಯಿತಿ ಪಡೆದರೆ, ಅಷ್ಟು ತೆರಿಗೆ ಖಜಾನೆಗೆ ಕಡಿಮೆ ಬಂತು ಅಂತ ಅರ್ಥ. ಅಂದರೆ ದಾನದಲ್ಲಿ ನಮ್ಮೆಲ್ಲರ ಪಾಲೂ ಇದೆ. ಅದು ಯಾವ ವಾರ್ಡಿಗೆ ಹೋಗಬೇಕು ಅಂತ ತೀರ್ಮಾನಿಸುವವರು ಮಾತ್ರ ಒಬ್ಬರು. ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕ ಇಡಿ. 2017ರ ರಾಷ್ಟ್ರೀಯ ಆರೋಗ್ಯ ನೀತಿ 2025ರ ಹೊತ್ತಿಗೆ ಆರೋಗ್ಯಕ್ಕೆ ಜಿಡಿಪಿಯ ಶೇ 2.5 ಸರ್ಕಾರಿ ಖರ್ಚು ಅಂದಿತ್ತು. 2021-22ರಲ್ಲಿ, ಕೋವಿಡ್ ಖರ್ಚೂ ಸೇರಿ, ಆದದ್ದು ಶೇ 1.84. ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39ರಷ್ಟು ಜನ ಜೇಬಿನಿಂದಲೇ ಕಟ್ಟಿದರು. ದಾನಿಗಳ ಬ್ಲಾಕ್ ಎದ್ದ ಕಡೆ ಈ ಪ್ರಶ್ನೆ ಕೇಳುವವರ ಬಾಯಿ ಕಟ್ಟಿಹೋಗುತ್ತದೆ. ನೋಡ್ರೀ, ಆಸ್ಪತ್ರೆ ಎಷ್ಟು ಚೆನ್ನಾಗಾಗಿದೆ ಅಂತಾರೆ.

ಧರ್ಮಶಾಲೆ, ಊಟ, ಬಸ್ ಚಾರ್ಜು, ಮೆದುಳು ದಾನ, ಇದಕ್ಕೆಲ್ಲ ನನ್ನ ತಕರಾರಿಲ್ಲ. ಶ್ರೀನಿವಾಸಪುರದಂಥ ಅಧ್ಯಯನಕ್ಕೂ ಇಲ್ಲ. ಹಾಸಿಗೆ, ಯಂತ್ರ, ಔಷಧಿಗೆ ಕೈಚಾಚುವುದಕ್ಕೆ ಇದೆ. ಅದನ್ನೂ ಕೊಡಲೇಬೇಕು ಅನ್ನುವ ದಾನಿಗಳು ಒಂದು ಕೆಲಸ ಮಾಡಬಹುದು. ಉದ್ಘಾಟನೆಯ ದಿನ ನಿಗದಿ ಮಾಡುವ ಮುಂಚೆ ಈ ಬ್ಲಾಕಿಗೆ ಎಷ್ಟು ನರ್ಸ್, ಎಷ್ಟು ಟೆಕ್ನಿಷಿಯನ್ ಹುದ್ದೆ ಮಂಜೂರಾಗಿದೆ ಅಂತ ಇಲಾಖೆಯನ್ನು ಕೇಳಲಿ. ಆದೇಶದ ಪ್ರತಿ ಕೈಗೆ ಬಂದ ಮೇಲೆ ಕಟ್ಟಡದ ಕೀ ಕೊಡಲಿ.