ಅರ ಹಾಕಿದರಷ್ಟೇ ಸಾಲದು
ಗರಗಸ ಮರದಲ್ಲಿ ಸಿಕ್ಕಿಕೊಳ್ಳುತ್ತಿದ್ದರೆ ಅರ ಹಾಕಿ ಹರಿತ ಮಾಡಿದರೆ ಸಾಕು ಅಂತ ಬರೆದಿದ್ದೀರಿ. ಬರಹ ಇಷ್ಟವಾಯಿತು, ಆದರೆ ಈ ಮಾತು ಒಪ್ಪಲಾಗಲಿಲ್ಲ. ಹಲ್ಲುಗಳೆಲ್ಲ ನೆಟ್ಟಗೆ ನಿಂತಿದ್ದರೆ ಎಷ್ಟು ಹರಿತವಿದ್ದರೂ ಸಿಕ್ಕಿಕೊಳ್ಳುತ್ತದೆ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಚೂರು ಬಾಗಿರಬೇಕು. ಆಗ ಕೊಯ್ದ ಸೀಳು ಅಲಗಿಗಿಂತ ಅಗಲವಾಗಿ, ಅಲಗು ಸಲೀಸಾಗಿ ಓಡುತ್ತದೆ.

ನಮ್ಮಪ್ಪ ಬಡಗಿ. ಹಸಿ ಮಾವು ಕೊಯ್ಯುವ ಗರಗಸಕ್ಕೆ ಬಾಗು ಜಾಸ್ತಿ ಕೊಡುತ್ತಿದ್ದರು, ಒಣಗಿದ ತೇಗಕ್ಕೆ ಕಮ್ಮಿ. ಹಸಿ ಮರದ ನಾರು ಅಲಗನ್ನು ಹಿಡಿದುಕೊಳ್ಳುತ್ತದೆ, ಅಲ್ವಾ? ಹಲ್ಲಿನ ಮೇಲಿನ ಅರ್ಧವನ್ನು ಮಾತ್ರ ಬಗ್ಗಿಸಬೇಕು. ಚಿಕ್ಕವನಿದ್ದಾಗ ನಾನು ಬುಡದಿಂದಲೇ ಬಗ್ಗಿಸಲು ಹೋಗಿ ಮೂರು ಹಲ್ಲು ಮುರಿದಿದ್ದೆ. ಅಪ್ಪ ಬೈಯಲಿಲ್ಲ. ಸಾಲನ್ನೆಲ್ಲ ಮಟ್ಟ ಮಾಡಿ, ಮೂರು ಮೂಲೆ ಅರದಿಂದ ಹೊಸ ಹಲ್ಲು ತೆಗೆದರು. ಇಡೀ ಸಂಜೆ ಹಿಡಿಯಿತು.

ಸುಮ್ನೆ ಜಾಸ್ತಿ ಬಗ್ಗಿಸುವುದೂ ತಪ್ಪು. ಸೀಳು ಅಲಗಿನ ದಪ್ಪದ ಒಂದೂವರೆ ಪಟ್ಟು ದಾಟಿದರೆ ತೋಳು ಸೋಲುತ್ತದೆ, ಕೊಯ್ದ ಮೈ ಒರಟಾಗುತ್ತದೆ. ಒಂದು ಬದಿಗೆ ಬಾಗು ಹೆಚ್ಚಾದರೆ ಗರಗಸ ಗೆರೆ ಬಿಟ್ಟು ಆ ಕಡೆಗೇ ಎಳೆಯುತ್ತದೆ.

ಇನ್ನೊಂದು ಮಾತು. ಈಗ ಸಿಗುವ, ಹಲ್ಲಿನ ತುದಿ ಕಪ್ಪಗಿರುವ ಗಟ್ಟಿ ಹಲ್ಲಿನ ಗರಗಸಕ್ಕೆ ದಯವಿಟ್ಟು ಇದನ್ನು ಮಾಡಬೇಡಿ. ಆ ಹಲ್ಲು ಚಟ್ಟನೆ ಮುರಿಯುತ್ತದೆ, ಅದಕ್ಕೆ ಅರವೂ ಕಚ್ಚುವುದಿಲ್ಲ.