ಮಂಡಿ ಕೆಡಿಸೋದು ಭಾರ ಒಂದೇ ಅಲ್ಲ

ಹರೆಯದಲ್ಲಿ ಭಾರ ಎತ್ತಿದವರ ಮಂಡಿ ಐವತ್ತಕ್ಕೆ ಹೋಗೇ ಹೋಗುತ್ತದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಇದನ್ನು ಒಪ್ಪಲಾರೆ. ಫಿನ್‌ಲ್ಯಾಂಡಿನ ಮಾಜಿ ಕ್ರೀಡಾಪಟುಗಳ ಬಗ್ಗೆ 1995ರಲ್ಲಿ ಬಂದ ಅಧ್ಯಯನದಲ್ಲಿ ಮಂಡಿ ಸವೆತ ಕಂಡದ್ದು ವೇಟ್‌ಲಿಫ್ಟರ್‌ಗಳಲ್ಲಿ ಶೇ 31, ಫುಟ್‌ಬಾಲ್ ಆಟಗಾರರಲ್ಲಿ ಶೇ 29. ಹಾಗಂತ ಫುಟ್‌ಬಾಲ್ ಆಡಬೇಡಿ ಎಂದು ಯಾರೂ ಹೆದರಿಸುವುದಿಲ್ಲ, ಅಲ್ವಾ? ಚಿಕ್ಕ ವಯಸ್ಸಿನಲ್ಲೇ ಮೈತೂಕ ಜಾಸ್ತಿ ಇದ್ದದ್ದು, ಮಂಡಿಗೆ ಹಿಂದೆ ಪೆಟ್ಟಾಗಿದ್ದದ್ದು ಕೂಡ ಅಲ್ಲಿ ಲೆಕ್ಕಕ್ಕೆ ಬಂದಿತ್ತು.

ಪೆಟ್ಟಿನ ವಿಷಯಕ್ಕೆ ಬಂದರೆ, ನಮ್ಮ ಹಾಸನದ ಜಿಮ್‌ಗಳಲ್ಲಿ ಹುಡುಗರು ಸೇರಿದ ತಿಂಗಳಲ್ಲೇ ಪ್ಲೇಟ್ ಮೇಲೆ ಪ್ಲೇಟ್ ಹಾಕುತ್ತಾರೆ. ಸ್ನಾಯು ಬೇಗ ಗಟ್ಟಿಯಾಗುತ್ತದೆ. ಅದನ್ನು ಮೂಳೆಗೆ ಹಿಡಿದಿಡುವ ಸ್ನಾಯುರಜ್ಜು ಅಷ್ಟು ಬೇಗ ಆಗುವುದಿಲ್ಲ. ಎಡವಟ್ಟಾಗುವುದು ಅಲ್ಲೇ. ಸುಮ್ನೆ ಬಾರ್‌ಬೆಲ್ ಬೈದು ಏನು ಪ್ರಯೋಜನ?

ನಿಜವಾಗಿ ಭಾರದಿಂದ ಸೊಂಟ, ಮಂಡಿ ಕಳೆದುಕೊಂಡವರು ಬೇಕೆಂದರೆ ಆಲೂಗಡ್ಡೆ ಸೀಸನ್‌ನಲ್ಲಿ ಇಲ್ಲಿನ ಎಪಿಎಂಸಿಗೆ ಬನ್ನಿ. ಹಮಾಲಿಗಳು 50 ಕೆಜಿ ಮೂಟೆ ಬೆನ್ನಿಗೆ ಹಾಕಿಕೊಂಡು, ಸೊಂಟ ತಿರುಚಿ ಲಾರಿಗೆ ಏರಿಸುತ್ತಾರೆ. ಅವರಿಗೆ ರೆಸ್ಟ್ ಡೇ ಇಲ್ಲ, ಟ್ರೈನರ್ ಇಲ್ಲ. ಅವರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಕಾಣಲಿಲ್ಲ.