ಇನ್ನೂ ಹುಟ್ಟದ ಸೈಕಲ್ ಸವಾರನಿಗೆ ಸುಸ್ವಾಗತ

ಬೆಂಗಳೂರಿನ ಸಾರಿಗೆ ಯೋಜಕರು ಬಹುಕಾಲದಿಂದ ಯಾರಿಗಾಗಿ ಹಂಬಲಿಸುತ್ತಿದ್ದಾರೋ ಆ ಸೈಕಲ್ ಸವಾರ ಯೋಜನಾ ವರದಿಗಳ ಮುಖಪುಟದಲ್ಲಿ ವಾಸವಾಗಿದ್ದಾನೆ. ಮೈಕಟ್ಟು ತೆಳ್ಳಗಿದೆ, ತಲೆಯ ಮೇಲೆ ಹೆಲ್ಮೆಟ್ ಇದೆ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲವಿದೆ, ಮುಖದಲ್ಲಿ ಬೆವರಿನ ಒಂದು ಹನಿಯೂ ಇಲ್ಲ. ಹಸಿರು ಬಣ್ಣ ಬಳಿದ, ಒಂದೇ ಒಂದು ಗುಂಡಿಯೂ ಇಲ್ಲದ ಪಥದಲ್ಲಿ ಆತ ನಗುತ್ತ ಸಾಗುತ್ತಿರುತ್ತಾನೆ. ಅವನ ಮನೆಯಲ್ಲಿ ಕಾರಿದೆ ಎಂಬುದು ಚಿತ್ರದಲ್ಲಿ ಕಾಣದಿದ್ದರೂ ಯೋಜನೆಯ ಪ್ರಾಣವೇ ಅದರಲ್ಲಿದೆ, ಏಕೆಂದರೆ ಆ ಕಾರನ್ನು ಮನೆಯಲ್ಲೇ ಬಿಟ್ಟು ಬರುವಂತೆ ಅವನ ಮನವೊಲಿಸುವುದಕ್ಕೇ ಸರ್ಕಾರದ ಕಡತಗಳಲ್ಲಿ ‘ಸೈಕಲ್ ಬಳಕೆಗೆ ಪ್ರೋತ್ಸಾಹ’ ಎಂದು ಹೆಸರು.

ಈ ನಡುವೆ ನಸುಕಿನ ಐದು ಗಂಟೆಗೆ ನಗರದ ಯಾವ ಬಡಾವಣೆಯಲ್ಲಿ ನಿಂತರೂ ಯಾರ ಮನವೊಲಿಕೆಯೂ ಇಲ್ಲದೆ ಸೈಕಲ್ ತುಳಿಯುವವರು ಕಾಣಸಿಗುತ್ತಾರೆ. ಪೇಪರ್ ಹಾಕುವ ಹುಡುಗರು, ಹಾಲು ಹಂಚುವವರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ಸೆಕ್ಯುರಿಟಿ ಗಾರ್ಡ್‌ಗಳು, ಕ್ಯಾರಿಯರ್‌ಗೆ ಬಣ್ಣದ ಡಬ್ಬ ಕಟ್ಟಿಕೊಂಡ ಪೇಂಟರ್‌ಗಳು, ಹ್ಯಾಂಡಲ್‌ಗೆ ಫ್ಲಾಸ್ಕ್ ತೂಗುಹಾಕಿಕೊಂಡು ಇಡೀ ರಾತ್ರಿ ಚಹಾ ಮಾರಿದವರು ಎಲ್ಲರೂ ಅಲ್ಲಿದ್ದಾರೆ. ಆದರೆ ಯೋಜಕರ ದೃಷ್ಟಿಯಿಂದ ಇವರದೊಂದು ದೊಡ್ಡ ಲೋಪವಿದೆ. ಇವರು ಈಗಾಗಲೇ ಸೈಕಲ್ ತುಳಿಯುತ್ತಿದ್ದಾರೆ. ಪ್ರೋತ್ಸಾಹಕ್ಕೆ ಮೊದಲೇ ಒಳ್ಳೆಯ ಕೆಲಸ ಮಾಡಿಬಿಟ್ಟವರಿಗೆ ಪ್ರೋತ್ಸಾಹಧನ ಖರ್ಚು ಮಾಡಿದರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತದೆ ಬಿಡುತ್ತಾರೆಯೇ? ಹಾಗಾಗಿ ಇವರನ್ನು ಸೈಕಲ್ ಸವಾರರೆಂದು ಗಣಿಸದೆ, ಇನ್ನೂ ಸ್ಕೂಟರ್ ಕೊಳ್ಳಲಾಗದವರು ಎಂಬ ತಾತ್ಕಾಲಿಕ ವರ್ಗದಲ್ಲಿ ಇರಿಸಲಾಗಿದೆ. ಕಂತಿನ ಸಾಲ ಮಂಜೂರಾದ ದಿನ ಇವರಲ್ಲಿ ಒಬ್ಬೊಬ್ಬರಾಗಿ ಮೋಟಾರು ವಾಹನಗಳ ಪಟ್ಟಿಗೆ ಸೇರುತ್ತಾರೆ. ಆ ಪಟ್ಟಿ ಈಗಾಗಲೇ ಒಂದು ಕೋಟಿ ದಾಟಿದ್ದು, ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳೇ ಆಗಿರುವುದನ್ನು ನೋಡಿದರೆ ಈ ವರ್ಗಾವಣೆ ಸುಸೂತ್ರವಾಗಿಯೇ ನಡೆದಿದೆ ಎನ್ನಬೇಕು.

ಸರ್ಕಾರ ಏನೂ ಮಾಡಿಲ್ಲ ಎಂದು ದೂರುವವರ ಬಾಯಿ ಮುಚ್ಚಿಸಲು ಹೊರವರ್ತುಲ ರಸ್ತೆಯ ಸೈಕಲ್ ಪಥವೊಂದೇ ಸಾಕು. 2020ರಲ್ಲಿ ಕೊರೊನಾ ಹಾವಳಿಯಿಂದ ಬಸ್ಸು, ಮೆಟ್ರೊ ಸಂಚಾರ ಅಸ್ತವ್ಯಸ್ತವಾಗಿದ್ದಾಗ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ‘ಇಂಡಿಯಾ ಸೈಕಲ್ಸ್ ಫಾರ್ ಚೇಂಜ್’ ಎಂಬ ಸ್ಪರ್ಧೆಯನ್ನು ಘೋಷಿಸಿತು. ಬೆಂಗಳೂರು ಉತ್ಸಾಹದಿಂದಲೇ ಕಣಕ್ಕಿಳಿಯಿತು. ಕೆ.ಆರ್. ಪುರ ಮತ್ತು ಸಿಲ್ಕ್ ಬೋರ್ಡ್ ನಡುವಿನ ಸುಮಾರು 17 ಕಿ.ಮೀ. ಉದ್ದಕ್ಕೂ ರಸ್ತೆಯ ಅಂಚಿನಲ್ಲಿ ಬಿಳಿ ಪಟ್ಟಿ ಎಳೆದು, ಪ್ಲಾಸ್ಟಿಕ್ ಕಂಬಗಳನ್ನು ನೆಟ್ಟು, ಸೈಕಲ್ ಪಥವನ್ನು ಗುರುತಿಸುವ ಕಾರ್ಯಕ್ಕೆ ನಗರ ಭೂಸಾರಿಗೆ ನಿರ್ದೇಶನಾಲಯವು ಆ ವರ್ಷದ ಕೊನೆಯ ಭಾಗದಲ್ಲಿ ಕೈಹಾಕಿತು. ಆ ನಿರ್ದೇಶನಾಲಯದಲ್ಲಿ ಪ್ರಾಮಾಣಿಕವಾಗಿ ದುಡಿದವರಿದ್ದರು ಎಂಬುದನ್ನು ವಿಡಂಬನೆಯ ನಡುವೆಯೂ ಹೇಳಲೇಬೇಕು. ಅವರ ದುರದೃಷ್ಟವೆಂದರೆ ಅವರ ಕೈಯಲ್ಲಿ ಬಣ್ಣ ಮತ್ತು ಕುಂಚಗಳಿದ್ದವೇ ಹೊರತು ರಸ್ತೆ ಇರಲಿಲ್ಲ. ರಸ್ತೆಯನ್ನು ಅಗೆಯುವ, ಮುಚ್ಚುವ, ಮತ್ತೆ ಅಗೆಯುವ ಅಧಿಕಾರ ಎಂದಿನಂತೆ ಬೇರೆ ಬೇರೆ ಸಂಸ್ಥೆಗಳ ನಡುವೆ ಹಂಚಿಹೋಗಿತ್ತು.

ಪಥವು ಸಾರ್ವಜನಿಕರಿಗೆ ನಾನಾ ವಿಧದಲ್ಲಿ ಉಪಯೋಗಕ್ಕೆ ಬಂತು. ದಟ್ಟಣೆಯಲ್ಲಿ ಸಿಲುಕಿದ ಬೈಕ್ ಸವಾರರಿಗೆ ಅದು ದಾಟುದಾರಿಯಾಯಿತು, ಊಟ ತಲುಪಿಸುವವರಿಗೆ ಆರ್ಡರಿಗಾಗಿ ಕಾಯುವ ತಾಣವಾಯಿತು, ಎದುರು ದಿಕ್ಕಿನಿಂದ ಬರುವವರಿಗೆ ಅಧಿಕೃತವಲ್ಲದ ರಾಜಮಾರ್ಗವಾಯಿತು. ಕಂಬಗಳಲ್ಲಿ ಕೆಲವು ವಾಹನ ತಗುಲಿ ಮುರಿದವು, ಕೆಲವು ಏಕೆಂದು ತಿಳಿಯದಂತೆ ಮಾಯವಾದವು. 2021ರಲ್ಲಿ ಸ್ಪರ್ಧೆಯ ಫಲಿತಾಂಶ ಹೊರಬಿದ್ದಾಗ ವಿಜೇತ 11 ನಗರಗಳಲ್ಲಿ ಬೆಂಗಳೂರೂ ಒಂದಾಗಿತ್ತು. ಅಷ್ಟರಲ್ಲಿ ಅದೇ ರಸ್ತೆಯಲ್ಲಿ ಮೆಟ್ರೊ ನೀಲಿ ಮಾರ್ಗದ ಕಾಮಗಾರಿಯೂ ಬಂತು, ಬ್ಯಾರಿಕೇಡುಗಳು ಎದ್ದವು, ಪಥದಲ್ಲಿ ಉಳಿದಿದ್ದ ಬಣ್ಣವೂ ಅಗೆತದ ಮಣ್ಣಿನಡಿ ಸೇರಿತು. ಸೈಕಲ್ ಪಥಕ್ಕೂ ಒಂದು ವರ್ಷ ಮೊದಲು ಅಲ್ಲಿಯೇ ಮಾಡಿದ್ದ ಬಸ್ ಆದ್ಯತಾ ಪಥದ ಗತಿಯೂ ಇದಕ್ಕಿಂತ ಭಿನ್ನವಾಗಲಿಲ್ಲ. ಪಥ ಹೋದರೂ ಪ್ರಶಸ್ತಿ ಉಳಿದಿದೆ. ಪ್ರಶಸ್ತಿಯ ಮೇಲೆ ಯಾರೂ ಕಾರು ನಿಲ್ಲಿಸುವಂತಿಲ್ಲ.

ಕಾರು ನಿಲ್ಲಿಸುವ ವಿಷಯ ಬಂದಾಗ ಜಯನಗರವನ್ನು ಮರೆಯುವಂತಿಲ್ಲ. ಅಲ್ಲಿ ಒಂದು ದಶಕಕ್ಕೂ ಹಿಂದೆಯೇ ಸೈಕಲ್ ಪಥಗಳನ್ನು ಗುರುತಿಸಿ, ಯಾವ ವಾಹನವನ್ನು ಎಲ್ಲಿ ನಿಲ್ಲಿಸಬೇಕೆಂದು ನಿವಾಸಿಗಳಿಗಿದ್ದ ಗೊಂದಲವನ್ನು ಶಾಶ್ವತವಾಗಿ ನಿವಾರಿಸಲಾಯಿತು.

ಇದೇ ಕಾಲದ ಮತ್ತೊಂದು ವಿಶೇಷವನ್ನೂ ದಾಖಲಿಸಬೇಕು. ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದು ಸೈಕಲ್ ಬಳಕೆಯ ಪ್ರಚಾರಕ್ಕಾಗಿ ಜಗತ್ತಿನ ಹಲವು ನಗರಗಳಿಗೆ ‘ಬೈಸಿಕಲ್ ಮೇಯರ್’ಗಳನ್ನು ನೇಮಿಸುತ್ತ ಬಂದಿದ್ದು, ಬೆಂಗಳೂರಿಗೂ ಅಂಥವರೊಬ್ಬರು ಸಿಕ್ಕಿದ್ದರು. ನಗರಪಾಲಿಕೆಯಾಗಿದ್ದ ಬಿಬಿಎಂಪಿಯ ಸದಸ್ಯರ ಅವಧಿ ಮಾತ್ರ 2020ರ ಸೆಪ್ಟೆಂಬರಿನಲ್ಲಿ ಮುಗಿದು, ಮುಂದೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹೀಗಾಗಿ ಸೈಕಲ್‌ಗಳಿಗೆ ಮೇಯರ್ ಇದ್ದು ಊರಿಗೆ ಮೇಯರ್ ಇಲ್ಲದ ಅಪರೂಪದ ಆಡಳಿತ ವ್ಯವಸ್ಥೆಯನ್ನು ನಾವು ಕಂಡೆವು. ಕಾರುಗಳಿಗೆ ಪ್ರತ್ಯೇಕ ಮೇಯರ್ ನೇಮಿಸುವ ಅಗತ್ಯ ಯಾರಿಗೂ ಕಂಡುಬಂದಿಲ್ಲ, ಅವುಗಳ ಕೆಲಸ ಯಾವ ಮೇಯರ್ ಇಲ್ಲದೆಯೂ ನಡೆಯುತ್ತದೆ.

ತೆರಿಗೆಯ ವಿಷಯದಲ್ಲಿಯೂ ಪ್ರೋತ್ಸಾಹಕ್ಕೆ ಕೊರತೆಯಾಗಿಲ್ಲ. 2019ರ ಆಗಸ್ಟ್‌ನಲ್ಲಿ ಪರಿಸರ ಕಾಳಜಿಯಿಂದ ವಿದ್ಯುತ್ ಕಾರುಗಳ ಮೇಲಿನ ಜಿಎಸ್‌ಟಿಯನ್ನು ಶೇ 12ರಿಂದ ಶೇ 5ಕ್ಕೆ ಇಳಿಸಲಾಯಿತು. ಪೆಟ್ರೋಲನ್ನೂ ವಿದ್ಯುತ್ತನ್ನೂ ಬಳಸದ ಸೈಕಲ್ ಮಾತ್ರ 2025ರ ಸೆಪ್ಟೆಂಬರ್‌ವರೆಗೆ ಶೇ 12ರಲ್ಲೇ ಉಳಿಯಿತು. ಇದರಲ್ಲಿ ಅನ್ಯಾಯವೇನೂ ಇಲ್ಲ. ಕಾರು ಕೊಂಡವನು ಜೀವಿತಾವಧಿ ತೆರಿಗೆ ಕಟ್ಟುತ್ತಾನೆ, ಟೋಲ್ ಕೊಡುತ್ತಾನೆ, ದಂಡ ತೆರುತ್ತಾನೆ, 2024ರ ಜೂನ್‌ನಿಂದ ರಾಜ್ಯದಲ್ಲಿ ಶೇ 29.84ಕ್ಕೆ ಏರಿದ ಮಾರಾಟ ತೆರಿಗೆಯನ್ನು ಪ್ರತಿ ಲೀಟರ್ ಪೆಟ್ರೋಲಿಗೂ ಸಲ್ಲಿಸುತ್ತಾನೆ. ಸೈಕಲ್ ಕೊಂಡವನಾದರೋ ಅಂಗಡಿಯಿಂದ ಹೊರಬಿದ್ದ ಮೇಲೆ ಪಂಕ್ಚರ್ ಹಾಕುವವನಿಗಲ್ಲದೆ ಬೇರೆ ಯಾರಿಗೂ ಒಂದು ಪೈಸೆಯ ಉಪಕಾರ ಮಾಡುವುದಿಲ್ಲ. ಇಂಥವರ ಸಂಖ್ಯೆ ನಿಜಕ್ಕೂ ಹೆಚ್ಚಿಬಿಟ್ಟರೆ ಸೈಕಲ್ ಪಥಕ್ಕೆ ಬಳಿಯುವ ಬಣ್ಣದ ಹಣವನ್ನು ಖಜಾನೆ ಎಲ್ಲಿಂದ ತರಬೇಕು?

ಆದ್ದರಿಂದಲೇ ಪ್ರೋತ್ಸಾಹವನ್ನು ಹಿತಮಿತವಾಗಿ, ವರ್ಷಕ್ಕೊಮ್ಮೆ ಜೂನ್ 3ರ ವಿಶ್ವ ಬೈಸಿಕಲ್ ದಿನದಂದು ನೀಡುವ ಪದ್ಧತಿ ರೂಢಿಗೆ ಬಂದಿದೆ. ಅಂದು ಬೆಳಿಗ್ಗೆ ರಸ್ತೆಯ ಸಂಚಾರ ತಡೆದು, ಟೀ ಶರ್ಟ್ ಹಂಚಿ, ಗಣ್ಯರು ಸೈಕಲ್ ಏರುತ್ತಾರೆ. ಅವರ ಹಿಂದೆ ಬೆಂಗಾವಲು ಕಾರು, ಅದರ ಹಿಂದೆ ಆಪ್ತರ ಕಾರು, ಅದರ ಹಿಂದೆ ಆಂಬುಲೆನ್ಸ್. ಅರ್ಧ ಕಿಲೋಮೀಟರ್ ಕ್ರಮಿಸಿದ ಬಳಿಕ ಗಣ್ಯರು ಕಾರು ಏರುತ್ತಾರೆ, ಸೈಕಲ್‌ಗಳು ಲಾರಿ ಏರುತ್ತವೆ. ತಡೆದ ಸಂಚಾರದಲ್ಲಿ ಸಿಲುಕಿ ಪೇಪರ್ ತಡವಾಯಿತೆಂದು ಹುಡುಗ ಬೈಸಿಕೊಳ್ಳುತ್ತಾನೆ.

ರಸ್ತೆ ಇರುವುದು ಜನರಿಗಾಗಿಯೇ ಹೊರತು ವಾಹನಗಳಿಗಾಗಿ ಅಲ್ಲ ಎಂಬ ಆಶಯ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲಿಯೇ ಇದೆ. ನಡೆಯುವವರ ಮತ್ತು ಸೈಕಲ್ ತುಳಿಯುವವರ ಹಕ್ಕುಗಳಿಗಾಗಿ ರಾಜ್ಯದಲ್ಲಿ ಒಂದು ಮಸೂದೆಯ ಕರಡೂ ಸಿದ್ಧವಾಗಿ, ಕರಡಾಗಿಯೇ ಇರುವ ನೆಮ್ಮದಿಯನ್ನು ಅನುಭವಿಸುತ್ತಿದೆ. ಈಗ ನಮ್ಮ ಮುಂದಿರುವುದು ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆ. ಹೊರವರ್ತುಲ ರಸ್ತೆಯ ಸೈಕಲ್ ಪಥದಂತೆಯೇ ಇದರ ಉದ್ದವೂ ಹೆಚ್ಚುಕಡಿಮೆ 17 ಕಿ.ಮೀ., ಇದರ ಒಂದು ತುದಿಯೂ ಸಿಲ್ಕ್ ಬೋರ್ಡ್. ಕಾಕತಾಳೀಯ ಹೊಂದಾಣಿಕೆ ಅಲ್ಲಿಗೆ ಮುಗಿಯುತ್ತದೆ, ಏಕೆಂದರೆ ಇದರ ಅಂದಾಜು ವೆಚ್ಚ 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು, ಮತ್ತು ಇದನ್ನು ಪ್ಲಾಸ್ಟಿಕ್ ಕಂಬ ನೆಟ್ಟು ಮಾಡುವ ಸಲಹೆಯನ್ನು ಯಾರೂ ಕೊಟ್ಟಿಲ್ಲ. ಪ್ರಯೋಗಾರ್ಥವಾಗಿ ಮೂರು ತಿಂಗಳು ಸುರಂಗ ತೋಡಿ, ಜನರ ಪ್ರತಿಕ್ರಿಯೆ ನೋಡಿ ಮುಂದುವರಿಯೋಣ ಎಂದೂ ಯಾರೂ ಹೇಳಿಲ್ಲ. ಅಂಥ ಎಚ್ಚರಿಕೆಯೆಲ್ಲ ಸೈಕಲ್ ಪಥದಂಥ ದುಂದುವೆಚ್ಚದ ಕಾಮಗಾರಿಗಳಿಗೆ ಮೀಸಲು.

ಇಷ್ಟಾಗಿಯೂ ಸುರಂಗ ಯೋಜನೆಯಲ್ಲಿ ಸೈಕಲ್‌ಗೆ ಸ್ಥಾನವಿಲ್ಲ ಎಂದು ಯಾರಾದರೂ ಕೊರಗಿದರೆ ಅದಕ್ಕೂ ಪರಿಹಾರವಿದೆ. ತೋಡುವ ಕೆಲಸ ಹಗಲು ರಾತ್ರಿ ನಡೆಯಬೇಕಾಗುತ್ತದೆ, ರಾತ್ರಿ ಪಾಳಿಯ ಕಾರ್ಮಿಕರಿಗೆ ಚಹಾ ಬೇಕಾಗುತ್ತದೆ, ಆ ಹೊತ್ತಿನಲ್ಲಿ ಚಹಾ ಬರುವುದು ಸೈಕಲ್ ಮೇಲೆಯೇ. ಫ್ಲಾಸ್ಕ್ ಕಟ್ಟಿಕೊಂಡವನು ಒಳಬರಲು ಬ್ಯಾರಿಕೇಡಿನ ಪಕ್ಕದಲ್ಲಿ ಎರಡಡಿ ಜಾಗ ಬಿಡತಕ್ಕದ್ದು ಎಂಬ ಒಂದು ಷರತ್ತನ್ನು ಟೆಂಡರಿಗೆ ಸೇರಿಸಿದರೆ ಸಾಕು, ಯೋಜನೆಯಲ್ಲಿ ಪ್ರತ್ಯೇಕ ಸೈಕಲ್ ಪಥವನ್ನೂ ಅಳವಡಿಸಲಾಗಿದೆ ಎಂದು ಮುಂದಿನ ಸ್ಪರ್ಧೆಯ ಅರ್ಜಿಯಲ್ಲಿ ಧಾರಾಳವಾಗಿ ಬರೆದುಕೊಳ್ಳಬಹುದು.